ವಿಧಾನಸಭೆಯಲ್ಲಿ ಕಡಿಮೆಯಾದ ಆ ಒಂದು ಸೀಟು

ನಮ್ಮ ವಿಧಾನಸಭೆಯಲ್ಲಿ ಎಷ್ಟು ಜನ ಶಾಸಕರು ಅಂತ ಈಗ ಯಾರನ್ನು ಕೇಳಿದರೂ 224 ಅಂತಾರೆ. ಸರಿಯಾದ ಉತ್ತರವೇ. ಆದರೆ 2023ರ ಚುನಾವಣೆವರೆಗೂ ಆ ಲೆಕ್ಕ 225 ಇತ್ತು. 224 ಸೀಟು ಚುನಾವಣೆಯಲ್ಲಿ ಗೆದ್ದವರಿಗೆ, ಒಂದು ಸೀಟು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಿದ್ದ ಆಂಗ್ಲೋ ಇಂಡಿಯನ್ ಸದಸ್ಯರಿಗೆ. ಆಂಗ್ಲೋ ಇಂಡಿಯನ್ ಅಂದರೆ ತಂದೆಯ ಕಡೆಯಿಂದ ಯುರೋಪಿಯನ್ ಮೂಲ ಇದ್ದು, ಇಲ್ಲೇ ಹುಟ್ಟಿ ನೆಲೆಸಿದ ಜನ. ಆ ಒಂದು ಸೀಟು ಹೋಯಿತು. ನಮ್ಮ ಮೈಸೂರಲ್ಲಿ ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ಟೀ ಅಂಗಡಿಯಲ್ಲಿ ಸಿದ್ದರಾಮಯ್ಯ, ಕುಮಾರಸ್ವಾಮಿ, ಯಡಿಯೂರಪ್ಪ ಅಂತ ಗಂಟೆಗಟ್ಟಲೆ ಚರ್ಚೆ ಮಾಡುವ ಊರು ನಮ್ಮದು. ಈ ವಿಷಯ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನನಗೆ ಅದು ಬೇಜಾರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಸೀಟು ಹೇಗೆ ಬಂತು ಅಂತ ಸ್ವಲ್ಪ ಹೇಳಿಬಿಡ್ತೀನಿ. ಸಂವಿಧಾನದ 331ನೇ ವಿಧಿ ಪ್ರಕಾರ ಲೋಕಸಭೆಗೆ ಇಬ್ಬರು ಆಂಗ್ಲೋ ಇಂಡಿಯನ್ನರನ್ನು ರಾಷ್ಟ್ರಪತಿ ನಾಮನಿರ್ದೇಶನ ಮಾಡಬಹುದಿತ್ತು. 333ನೇ ವಿಧಿ ಪ್ರಕಾರ ರಾಜ್ಯಗಳಲ್ಲಿ ರಾಜ್ಯಪಾಲರು ಮಾಡಬಹುದಿತ್ತು. ರಾಜ್ಯಕ್ಕೆ ಎಷ್ಟು ಜನ ಅಂತ ಮೊದಲು ಮಿತಿ ಇರಲಿಲ್ಲ, 1969ರ ತಿದ್ದುಪಡಿ ಆದಮೇಲೆ ಒಬ್ಬರೇ ಅಂತಾಯಿತು. ಇದರ ಜೊತೆ 334ನೇ ವಿಧಿ. ಅದು ಅವಧಿಯ ವಿಧಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು ಮತ್ತು ಈ ನಾಮನಿರ್ದೇಶನ ಎರಡೂ ಸಂವಿಧಾನ ಜಾರಿಯಾದ 1950ರಿಂದ ಹತ್ತೇ ವರ್ಷ ಅಂತ ಬರೆದರು. ಆಮೇಲೆ ಹತ್ತು ಹತ್ತು ವರ್ಷ ಮುಂದೆ ಹಾಕುತ್ತಾ ಬಂದರು. 2019ರ ಡಿಸೆಂಬರಿನಲ್ಲಿ ಸಂಸತ್ತು ಪರಿಶಿಷ್ಟ ಜಾತಿ, ಪಂಗಡಗಳ ಮೀಸಲಾತಿಯನ್ನು 2030ರವರೆಗೆ ಮುಂದುವರಿಸಿತು. ಆಂಗ್ಲೋ ಇಂಡಿಯನ್ನರದನ್ನು ಮುಂದುವರಿಸಲಿಲ್ಲ. 2020ರ ಜನವರಿ 25ಕ್ಕೆ ಅದು ಮುಗಿಯಿತು. ಆಗಿನ ಸಭೆ ವಿಸರ್ಜನೆ ಆಗುವವರೆಗೆ ಇದ್ದವರು ಇರಬಹುದು ಅಂತ ಇದ್ದದ್ದರಿಂದ ನಮ್ಮ ರಾಜ್ಯದಲ್ಲಿ 2023ರವರೆಗೆ ಉಳಿಯಿತು ಅಷ್ಟೇ.

ಎಷ್ಟೋ ಜನ ಇದನ್ನು ಕೇಳಿದ ತಕ್ಷಣ ಹೇಳೋದು ಒಂದೇ ಮಾತು. ಬ್ರಿಟಿಷರು ಹೋದಮೇಲೂ ಅವರ ಕಡೆಯವರಿಗೆ ಸೀಟು ಯಾಕೆ ಬೇಕಿತ್ತು ಅಂತ. ನನ್ನ ಹತ್ತಿರದ ಗೆಳೆಯ, ಮಳವಳ್ಳಿ ಕಡೆಯವನು, ನೇರವಾಗೇ ಹೇಳಿದ: "ಗುರು, ಇಂಗ್ಲಿಷ್ ಮಾತಾಡ್ಕೊಂಡು, ರೈಲ್ವೇಲಿ ಕೆಲಸ ಮಾಡ್ಕೊಂಡು ಇದ್ದೋರಿಗೆ ಏನಪ್ಪಾ ಕಷ್ಟ? ನಮ್ಮಪ್ಪನ ಕಾಲದಲ್ಲಿ ಹೋಟೆಲಲ್ಲಿ ನಮಗೆ ಬೇರೆ ಲೋಟ ಇಡ್ತಿದ್ರು. ಅವರಿಗೆ ಯಾರು ಬೇರೆ ಲೋಟ ಇಟ್ಟಿದ್ರು?"

ಅವನ ಪ್ರಶ್ನೆಯಲ್ಲಿ ನ್ಯಾಯ ಇದೆ. ಅವನ ಮನೆಯವರು ಅನುಭವಿಸಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ನಾನು ಹೋಲಿಸೋಕೂ ಹೋಗಲ್ಲ. ಆದರೆ ಎರಡಕ್ಕೂ ಕಾರಣ ಬೇರೆ ಬೇರೆ ಅನ್ನೋದನ್ನು ನೋಡಬೇಕು. ಪರಿಶಿಷ್ಟ ಜಾತಿಗಳ ಮೀಸಲು ಕ್ಷೇತ್ರ ಬಂದಿದ್ದು ಶತಮಾನಗಳ ಅನ್ಯಾಯಕ್ಕೆ ಉತ್ತರವಾಗಿ. ಮಳವಳ್ಳಿ, ಟಿ. ನರಸೀಪುರ, ನಂಜನಗೂಡು ಪರಿಶಿಷ್ಟ ಜಾತಿಗೆ ಮೀಸಲು. ಎಚ್.ಡಿ. ಕೋಟೆ ಪರಿಶಿಷ್ಟ ಪಂಗಡಕ್ಕೆ. ರಾಜ್ಯದಲ್ಲಿ ಒಟ್ಟು 36 ಮತ್ತು 15. ಅಲ್ಲಿ ಆ ಸಮುದಾಯದವರು ಗಣನೀಯ ಸಂಖ್ಯೆಯಲ್ಲಿ ಇದ್ದಾರೆ, ಆದರೂ ಮೀಸಲಾತಿ ಇಲ್ಲದಿದ್ದರೆ ಪಾರ್ಟಿಗಳು ಟಿಕೆಟ್ ಕೊಡುತ್ತಿರಲಿಲ್ಲ. ಅದಕ್ಕೇ ಕ್ಷೇತ್ರವನ್ನೇ ಮೀಸಲಿಟ್ಟರು.

ಆಂಗ್ಲೋ ಇಂಡಿಯನ್ನರ ಸಮಸ್ಯೆ ಬೇರೆ ಥರದ್ದು. ಅವರು ಎಲ್ಲೂ ಒಟ್ಟಾಗಿ ಇಲ್ಲ. ಮೈಸೂರಿನ ನರಸಿಂಹರಾಜ ಕ್ಷೇತ್ರವನ್ನೇ ತಗೊಳ್ಳಿ. ಅದು ಮೀಸಲು ಕ್ಷೇತ್ರ ಅಲ್ಲ. ಆದರೂ ಅಜೀಜ್ ಸೇಠ್, ಆಮೇಲೆ ಅವರ ಮಗ ತನ್ವೀರ್ ಸೇಠ್ ಅಲ್ಲಿಂದ ಮತ್ತೆ ಮತ್ತೆ ಗೆದ್ದು ಬಂದರು, ಮಂತ್ರಿಗಳೂ ಆದರು. ಅವರ ಸ್ವಂತ ರಾಜಕಾರಣ ಇದ್ದೇ ಇದೆ, ಆದರೆ ಮುಸ್ಲಿಮರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಒಂದೇ ಕಡೆ ಇರೋದು ಕೂಡ ಕಾರಣ ಅನ್ನೋದು ಊರಿಗೇ ಗೊತ್ತು. ಆಂಗ್ಲೋ ಇಂಡಿಯನ್ನರಿಗೆ ಅಂಥ ಒಂದು ಕ್ಷೇತ್ರ ದೇಶದಲ್ಲೇ ಇಲ್ಲ. ರೈಲ್ವೆ ಲೈನ್ ಹೋದ ಕಡೆ ನಾಲ್ಕು ಮನೆ, ಕೋಲಾರದ ಗಣಿಯಲ್ಲಿ ಒಂದಷ್ಟು, ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಂದಷ್ಟು, ಯಾದವಗಿರಿ ಕಡೆ ಎರಡು ಮೂರು ಮನೆ. ಇವರು ಎಷ್ಟೇ ಒಗ್ಗಟ್ಟಾಗಿ ಓಟು ಹಾಕಿದರೂ ಒಬ್ಬ ಕಾರ್ಪೊರೇಟರ್ ಕೂಡ ಆಗಲ್ಲ. ಗೆಲ್ಲೋಕೆ ಬಿಡದೇ ಇರುವವರಿಗೆ ಒಂದು ದಾರಿ, ಲೆಕ್ಕದ ಪ್ರಕಾರ ಗೆಲ್ಲೋಕೇ ಆಗದವರಿಗೆ ಇನ್ನೊಂದು ದಾರಿ. ಸಂವಿಧಾನ ಬರೆದವರು ಎರಡನ್ನೂ ಯೋಚಿಸಿದ್ದರು.

ಇದು ಸುಮ್ನೆ ಆದ ಯೋಚನೆ ಅಲ್ಲ. 1947ರಲ್ಲಿ ಸಂವಿಧಾನ ಸಭೆಯಲ್ಲಿ ಮುಸ್ಲಿಮರಿಗೆ, ಕ್ರೈಸ್ತರಿಗೆ ಕೂಡ ಶಾಸನ ಸಭೆಗಳಲ್ಲಿ ಮೀಸಲು ಸೀಟು ಕೊಡೋಣ ಅಂತ ತೀರ್ಮಾನ ಆಗಿತ್ತು. ದೇಶ ವಿಭಜನೆ ಆಯಿತು. ಜನರ ಮನಸ್ಸು ಬದಲಾಯಿತು. 1949ರ ಮೇ ತಿಂಗಳಲ್ಲಿ ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸೀಟು ಬೇಡ ಅಂತ ಹೇಳಿತು, ಸಭೆಯೂ ಒಪ್ಪಿತು. ಬೇಡ ಅಂದವರಲ್ಲಿ ಅಲ್ಪಸಂಖ್ಯಾತರೇ ಇದ್ದರು. ಬೇಗಂ ಐಜಾಜ್ ರಸೂಲ್ ಅವರು ಮೀಸಲು ಸೀಟು ಮುಸ್ಲಿಮರನ್ನು ಉಳಿದವರಿಂದ ದೂರ ಮಾಡುತ್ತೆ ಅಂತ ವಾದಿಸಿದರು. ಬಂಗಾಳದ ಕ್ರೈಸ್ತ ನಾಯಕ ಎಚ್.ಸಿ. ಮುಖರ್ಜಿ ಕೂಡ ಅದೇ ಕಡೆ. ಅಷ್ಟೆಲ್ಲಾ ಆದಮೇಲೂ ಆಂಗ್ಲೋ ಇಂಡಿಯನ್ ನಾಮನಿರ್ದೇಶನ ಉಳಿಯಿತು. ಜಬಲ್ಪುರದ ಆಂಗ್ಲೋ ಇಂಡಿಯನ್ ನಾಯಕ ಫ್ರಾಂಕ್ ಆಂಥನಿ ಅವರು ಪಟ್ಟು ಹಿಡಿದು ಕೇಳಿದ್ದು ಒಂದು ಕಾರಣ. ಇನ್ನೊಂದು ಕಾರಣ, ನಾನು ಆಗಲೇ ಹೇಳಿದ ಲೆಕ್ಕ. ಇಷ್ಟು ಚೆದುರಿ ಹೋದವರಿಗೆ ಚುನಾವಣೆಯಲ್ಲಿ ದಾರಿ ಇಲ್ಲ ಅಂತ ಸಭೆಗೆ ಅರ್ಥವಾಗಿತ್ತು. ಆಂಥನಿ ಆಮೇಲೆ ಹಲವು ಬಾರಿ ಲೋಕಸಭೆಗೆ ನಾಮನಿರ್ದೇಶನಗೊಂಡರು.

ಈಗ ನಮ್ಮ ಕಡೆಗೆ ಬರೋಣ. ಆಂಗ್ಲೋ ಇಂಡಿಯನ್ ಅಂದರೆ ಕಲ್ಕತ್ತಾ, ಮದ್ರಾಸು ಅಂತ ಅಂದುಕೊಳ್ಳುವವರು ಶ್ರೀರಂಗಪಟ್ಟಣಕ್ಕೆ ಹೋದಾಗ ಟಿಪ್ಪು ಅರಮನೆ, ರಂಗನಾಥಸ್ವಾಮಿ ದೇವಸ್ಥಾನ ನೋಡಿಕೊಂಡು ಹಾಗೇ ಗ್ಯಾರಿಸನ್ ಸ್ಮಶಾನಕ್ಕೂ ಒಮ್ಮೆ ಹೋಗಿ ಬನ್ನಿ. 1799ರಲ್ಲಿ ಟಿಪ್ಪು ಬಿದ್ದಮೇಲೆ ಅಲ್ಲಿ ಕಂಪನಿ ದಂಡು ಇತ್ತು. ಸ್ವಿಸ್ ಮೂಲದ ಡಿ ಮ್ಯೂರನ್ ರೆಜಿಮೆಂಟಿನ ಸೈನಿಕರ ಗೋರಿಗಳು ಅಲ್ಲಿವೆ. ಹೆಂಗಸರದ್ದೂ ಮಕ್ಕಳದ್ದೂ ಇವೆ. ಜ್ವರ ಅಂತ ಬಂದು ಹೋದ ಮನೆಗಳೆಷ್ಟೋ. ಹಾಗೇ ಪಾಂಡವಪುರ. ನಮ್ಮ ತಾತಂದಿರು ಅದನ್ನು ಫ್ರೆಂಚ್ ರಾಕ್ಸ್ ಅಂತಲೇ ಕರೆಯುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬಿಡಾರ ಹಾಕಿದ್ದಕ್ಕೆ ಬಂದ ಹೆಸರು ಅದು. ಆಂಗ್ಲೋ ಇಂಡಿಯನ್ ಅಂದರೆ ಬರೀ ಇಂಗ್ಲಿಷರ ಸಂತಾನ ಅಂತ ಸಂವಿಧಾನ ಎಲ್ಲೂ ಹೇಳಿಲ್ಲ. ಯುರೋಪಿಯನ್ ಮೂಲ ಅಂತ ಇದೆ. ಪೋರ್ಚುಗೀಸ್, ಡಚ್, ಫ್ರೆಂಚ್ ಎಲ್ಲಾ ಸೇರುತ್ತೆ.

ಈ ಜನರನ್ನು ಬ್ರಿಟಿಷರು ತಲೆ ಮೇಲೆ ಹೊತ್ತು ಮೆರೆಸಿದರು ಅನ್ನೋದೂ ಅರ್ಧ ಸತ್ಯ. ಮೊದಮೊದಲು ಕಂಪನಿಯೇ ತನ್ನ ಸೈನಿಕರಿಗೆ ಇಲ್ಲಿನ ಹೆಂಗಸರನ್ನು ಮದುವೆ ಆಗಿ ಅಂತ ಪ್ರೋತ್ಸಾಹ ಕೊಟ್ಟಿತ್ತು. ಮಕ್ಕಳು ದೊಡ್ಡವರಾದಾಗ ಅದೇ ಕಂಪನಿಗೆ ಭಯ ಶುರುವಾಯಿತು. 1786ರಲ್ಲಿ ಸೈನಿಕರ ಅನಾಥ ಮಕ್ಕಳು ಓದಲಿಕ್ಕೆ ಇಂಗ್ಲೆಂಡಿಗೆ ಹೋಗಬಾರದು ಅಂದರು. 1791ರಲ್ಲಿ ಕಂಪನಿಯ ಒಳ್ಳೆ ನೌಕರಿಗಳಿಂದ ಹೊರಗಿಟ್ಟರು. 1795ರಲ್ಲಿ ಸೈನ್ಯದಲ್ಲಿ ಕೊಳಲು ಊದೋರು, ಡೋಲು ಬಾರಿಸೋರು, ಕುದುರೆಗೆ ಲಾಳ ಹೊಡೆಯೋರು ಆಗಿ ಮಾತ್ರ ಇರಬಹುದು ಅಂದರು. ಆಮೇಲೆ ರೈಲು ಬಂತು, ತಂತಿ ಬಂತು, ಆಗ ಮತ್ತೆ ಇವರು ಬೇಕಾದರು. ಬಿಳಿಯರ ಕ್ಲಬ್ಬಿಗೂ ಸೇರಿಸಲ್ಲ, ಊರಿನವರೂ ನಮ್ಮವರು ಅನ್ನಲ್ಲ. ಇಂಥ ಜಾಗದಲ್ಲಿ ತಲೆಮಾರುಗಟ್ಟಲೆ ಬದುಕಿದವರು ಇವರು.

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಸ್ವಲ್ಪ ದೊಡ್ಡ ಮನಸ್ಸು ತೋರಿಸಿತ್ತು ಅಂತ ನನಗೆ ಹೆಮ್ಮೆ ಇದೆ. ಇವತ್ತು ಐಟಿ ಕಂಪನಿಗಳಿಂದ ಗಿಜಿಗುಡುವ ವೈಟ್‌ಫೀಲ್ಡ್ ಇದೆಯಲ್ಲ, ಆ ಜಾಗವನ್ನು 1882ರಲ್ಲಿ ಚಾಮರಾಜ ಒಡೆಯರು ಈ ಸಮುದಾಯದ ಸಂಘಕ್ಕೆ ಕೊಟ್ಟಿದ್ದು. ಸುಮಾರು 3,900 ಎಕರೆ. ಡಿ.ಎಸ್. ವೈಟ್ ಅನ್ನೋರು ಸಂಘದ ಮುಂದಾಳು, ಅವರಿಂದಲೇ ಊರಿಗೆ ಹೆಸರು. ತಮ್ಮದೇ ಒಂದು ಊರು ಕಟ್ಟಿಕೊಂಡು ಬೇಸಾಯ ಮಾಡಿ ಬದುಕಲಿ ಅನ್ನೋ ಆಸೆ. ಅದಕ್ಕೂ ಒಂದು ವರ್ಷ ಮುಂಚೆ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರು ಇದೇ ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ದರು. ದಸರೆ ಸಮಯದಲ್ಲಿ ಸೇರುತ್ತಿದ್ದ ಸಭೆ. ಮೊದಲ ವರ್ಷ 144 ಜನ. ಆಮೇಲೆ ನಾಲ್ವಡಿಯವರ ಕಾಲದಲ್ಲಿ ಅದು ಬೆಳೆಯಿತು, ಅಲ್ಪಸಂಖ್ಯಾತ ಸಮುದಾಯಗಳಿಗೆ ಅಲ್ಲಿ ಜಾಗ ಕೊಡುವ ಕ್ರಮವೂ ಬಂತು. ಸಣ್ಣ ಸಮುದಾಯದವರು ಸಭೆಯಲ್ಲಿ ಕೂತು ಮಾತಾಡಬೇಕು ಅನ್ನೋ ಯೋಚನೆ ಮೈಸೂರಿಗೆ ದೆಹಲಿಯಿಂದ ಬಂದಿದ್ದಲ್ಲ. ಇಲ್ಲಿ ಮುಂಚೆಯೇ ಇತ್ತು.

ಸ್ವಾತಂತ್ರ್ಯ ಬಂದಮೇಲೆ ಇವರಿಗೆ ಸಿಕ್ಕಿದ್ದು ಏನು ಅಂತ ನೋಡಿ. ರೈಲ್ವೆ, ಕಸ್ಟಮ್ಸ್, ಅಂಚೆ ತಂತಿ ಇಲಾಖೆಯಲ್ಲಿ ಇದ್ದ ನೌಕರಿ ಮೀಸಲನ್ನು ಎರಡು ವರ್ಷಕ್ಕೊಮ್ಮೆ ಶೇಕಡಾ 10ರಷ್ಟು ಇಳಿಸುತ್ತಾ ಹತ್ತು ವರ್ಷಕ್ಕೆ ಪೂರ್ತಿ ನಿಲ್ಲಿಸಿದರು. ಶಾಲೆಗಳ ಅನುದಾನಕ್ಕೂ ಹತ್ತೇ ವರ್ಷ. ಅದರಲ್ಲೂ ಒಂದು ಷರತ್ತು. ಆಂಗ್ಲೋ ಇಂಡಿಯನ್ ಶಾಲೆ ಆ ಅನುದಾನ ಬೇಕು ಅಂದರೆ ಪ್ರತಿ ವರ್ಷ ಶೇಕಡಾ 40 ಸೀಟು ಬೇರೆ ಸಮುದಾಯದ ಮಕ್ಕಳಿಗೆ ಕೊಡಬೇಕಿತ್ತು. ಈ ಷರತ್ತನ್ನು ನಾನು ಓದಿದಾಗ ತುಂಬಾ ಹೊತ್ತು ಯೋಚಿಸಿದೆ. ಇವತ್ತು ನಮ್ಮ ಊರುಗಳಲ್ಲಿ ಇಂಗ್ಲಿಷ್ ಓದಿ ಮುಂದೆ ಬಂದ ಎಷ್ಟೋ ಮನೆಗಳಿಗೆ ಇಂಥ ಶಾಲೆಗಳ ಋಣ ಇದೆ. ಕೊಟ್ಟಿದ್ದನ್ನು ಅವರು ಒಬ್ಬರೇ ತಿಂದು ಕೂರಲಿಲ್ಲ. ಹೀಗೆ 1960ರ ಹೊತ್ತಿಗೆ ನೌಕರಿಯೂ ಹೋಯಿತು, ಅನುದಾನವೂ ಹೋಯಿತು. ಉಳಿದಿದ್ದು ಸಭೆಯಲ್ಲಿ ಒಂದು ಕುರ್ಚಿ.

ಜನ ಆಸ್ಟ್ರೇಲಿಯಾ, ಇಂಗ್ಲೆಂಡ್, ಕೆನಡಾಗೆ ಹೋದರು. ಹೋಗದೇ ಉಳಿದವರೂ ಇದ್ದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನ ಹೊಡೆದುರುಳಿಸಿ ವೀರ ಚಕ್ರ ಪಡೆದ ಕೀಲರ್ ಸಹೋದರರು ಇವರ ಪೈಕಿ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ತೆಗೆದ ನಮ್ಮ ರೋಜರ್ ಬಿನ್ನಿ ಇವರ ಪೈಕಿ. ಬಿನ್ನಿ ನಮ್ಮವರು ಅಂತ ಎದೆ ತಟ್ಟಿಕೊಳ್ಳೋರು ಅವರ ಸಮುದಾಯದ ಸೀಟು ಹೋದಾಗ ಒಂದು ಮಾತು ಆಡಬಹುದಿತ್ತು ಅಲ್ವಾ?

ಈಗ 2019ಕ್ಕೆ ಬರ್ತೀನಿ. ನನಗೆ ಸಿಟ್ಟು ಬರೋದು ಇಲ್ಲಿ.

ಮಸೂದೆ ಮಂಡಿಸುವಾಗ ಆಗಿನ ಕಾನೂನು ಮಂತ್ರಿ ರವಿಶಂಕರ್ ಪ್ರಸಾದ್ ಅವರು ಹೇಳಿದ್ದು, 2011ರ ಜನಗಣತಿ ಪ್ರಕಾರ ಇಡೀ ದೇಶದಲ್ಲಿ ಆಂಗ್ಲೋ ಇಂಡಿಯನ್ನರು 296 ಜನ ಅಂತ. ಮತ್ತೊಮ್ಮೆ ಓದಿ. ಇಡೀ ದೇಶದಲ್ಲಿ 296. ಬೆಂಗಳೂರಿನ ಒಂದೆರಡು ಚರ್ಚಿನಲ್ಲಿ ಕ್ರಿಸ್ಮಸ್ ದಿನ ನಿಂತು ನೋಡಿದರೆ ಈ ಸಂಖ್ಯೆ ನಂಬೋಕೆ ಆಗುತ್ತಾ? ಸಂಸತ್ತಿನಲ್ಲೇ ಅದಕ್ಕೆ ವಿರೋಧ ಬಂತು. ರಾಜ್ಯಸಭೆಯಲ್ಲಿ ಡೆರೆಕ್ ಓಬ್ರಿಯಾನ್ ವಿರೋಧಿಸಿದರು. ಅವರು ಸ್ವತಃ ಆಂಗ್ಲೋ ಇಂಡಿಯನ್, ಅವರ ತಂದೆ ನೀಲ್ ಓಬ್ರಿಯಾನ್ ಲೋಕಸಭೆಗೆ ನಾಮನಿರ್ದೇಶನ ಆಗಿದ್ದವರು. ಕೇರಳದ ಹಿಬಿ ಈಡನ್ ಲೋಕಸಭೆಯಲ್ಲಿ ಪ್ರಶ್ನೆ ಮಾಡಿದರು. ಆದರೂ ಮಸೂದೆಗೆ ವಿರುದ್ಧ ಎರಡೂ ಸದನದಲ್ಲಿ ಒಂದೇ ಒಂದು ಮತ ಬೀಳಲಿಲ್ಲ. ಹೇಗೆ ಬೀಳುತ್ತೆ? ಪರಿಶಿಷ್ಟ ಜಾತಿ, ಪಂಗಡದ ಮೀಸಲಾತಿ ಮುಂದುವರಿಸುವುದೂ ಅದೇ ಮಸೂದೆಯಲ್ಲಿತ್ತು. ಅದಕ್ಕೆ ಬೇಡ ಅನ್ನೋ ಧೈರ್ಯ ಯಾರಿಗೂ ಇಲ್ಲ, ಇರಲೂ ಬಾರದು. ಎರಡನ್ನೂ ಬೇರೆ ಬೇರೆ ಮಸೂದೆಯಾಗಿ ತಂದಿದ್ದರೆ ಒಂದು ದಿನವಾದರೂ ಸರಿಯಾದ ಚರ್ಚೆ ಆಗುತ್ತಿತ್ತು.

ನಮಗೆ ಹೈಸ್ಕೂಲಲ್ಲಿ ಪಾಠ ಹೇಳಿದ ಮಿಸ್ ಒಬ್ಬರಿದ್ದಾರೆ. ರೈಲ್ವೆ ಮನೆತನ, ಈಗ ವಯಸ್ಸಾಗಿದೆ, ಮಕ್ಕಳು ಆಸ್ಟ್ರೇಲಿಯಾದಲ್ಲಿ. ಕನ್ನಡ ನಮ್ಮಷ್ಟೇ ಚೆನ್ನಾಗಿ ಮಾತಾಡ್ತಾರೆ. ಈ 296ರ ವಿಷಯ ನಾನು ಕೇಳಿದಾಗ ಅವರು ಅಂದಿದ್ದು: "ನೋಡು ಮಗು, ಜನಗಣತಿಗೆ ಅಂತ ಆ ಹೆಣ್ಣುಮಗಳು ಮನೆಗೆ ಬಂದಾಗ ಧರ್ಮ ಕೇಳಿದಳು, ಕ್ರಿಶ್ಚಿಯನ್ ಅಂದೆ. ಮಾತೃಭಾಷೆ ಕೇಳಿದಳು, ಇಂಗ್ಲಿಷ್ ಅಂದೆ. ಎಸ್ಸಿನಾ ಎಸ್ಟಿನಾ ಅಂದಳು, ಅಲ್ಲ ಅಂದೆ. ಆಂಗ್ಲೋ ಇಂಡಿಯನ್ನಾ ಅಂತ ಕೇಳಲೇ ಇಲ್ಲ. ಆಮೇಲೆ ನಾನೇ ಇಲ್ಲ ಅಂತ ಹೇಗೆ ಹೇಳ್ತಾರೆ?"

ಇದಕ್ಕೆ ಏನು ಉತ್ತರ ಕೊಡೋದು? 2011ರ ಜನಗಣತಿ ಫಾರಂನಲ್ಲಿ ಆಂಗ್ಲೋ ಇಂಡಿಯನ್ ಅಂತ ಬೇರೆ ಪ್ರಶ್ನೆಯೇ ಇರಲಿಲ್ಲ. ಕೇಳದೇ ಇದ್ದ ಪ್ರಶ್ನೆಗೆ ಬಂದ ಉತ್ತರವನ್ನು ಆಧಾರ ಮಾಡಿಕೊಂಡು 70 ವರ್ಷದ ಒಂದು ಹಕ್ಕನ್ನು ನಿಲ್ಲಿಸಿದರು. ಒಂದು ವೇಳೆ ಸಂಖ್ಯೆ ನಿಜವಾಗಿಯೂ ಕಡಿಮೆ ಅಂತಲೇ ಇಟ್ಟುಕೊಳ್ಳಿ. ಆ ಸೀಟು ಕೊಟ್ಟಿದ್ದೇ ಸಂಖ್ಯೆ ಕಡಿಮೆ ಅಂತ. ಕಡಿಮೆ ಇದ್ದಾರೆ ಅನ್ನೋದೇ ಅದನ್ನು ತೆಗೆಯೋಕೆ ಕಾರಣ ಆಗೋದು ಹೇಗೆ?

ಎಣಿಕೆಯ ಜೊತೆ ಇನ್ನೊಂದು ತೊಡಕು ಇದೆ, ಅದನ್ನೂ ಹೇಳಬೇಕು. 366ನೇ ವಿಧಿಯಲ್ಲಿ ಇರುವ ವ್ಯಾಖ್ಯೆ ಗಂಡಸಿನ ಕಡೆಯಿಂದ ಮಾತ್ರ ನೋಡುತ್ತೆ. ತಂದೆ, ತಂದೆಯ ತಂದೆ, ಹೀಗೆ ಗಂಡು ಸಾಲಿನಲ್ಲಿ ಯುರೋಪಿಯನ್ ಮೂಲ ಇರಬೇಕು. ನಮ್ಮ ಮಿಸ್ ಮದುವೆ ಆಗಿದ್ದು ಮಂಗಳೂರು ಕಡೆಯ ಕ್ರೈಸ್ತರನ್ನು. ಹಾಗಾಗಿ ಕಾನೂನಿನ ಪ್ರಕಾರ ಅವರು ಆಂಗ್ಲೋ ಇಂಡಿಯನ್, ಅವರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಅಲ್ಲ. ಅವರ ಅಣ್ಣ ಮದುವೆ ಆಗಿದ್ದು ತಮಿಳಿನವರನ್ನು, ಅವರ ಮಕ್ಕಳು ಆಂಗ್ಲೋ ಇಂಡಿಯನ್. ಒಂದೇ ಮನೆಯ ಮೊಮ್ಮಕ್ಕಳು, ಒಂದೇ ಅಡುಗೆ, ಒಂದೇ ಹಾಡು, ಭಾನುವಾರ ಒಂದೇ ಟೇಬಲ್ಲಿನಲ್ಲಿ ಊಟ. ಇವರಲ್ಲಿ ಅರ್ಧ ಜನ ಲೆಕ್ಕಕ್ಕೆ ಉಂಟು, ಅರ್ಧ ಜನ ಇಲ್ಲ. ಇಂಥ ವ್ಯಾಖ್ಯೆ ಇಟ್ಟುಕೊಂಡು ಪ್ರತಿ ತಲೆಮಾರಿಗೂ ಸಂಖ್ಯೆ ಕಡಿಮೆ ಆಗದೆ ಇನ್ನೇನಾಗುತ್ತೆ? ಇದನ್ನು ಸರಿಮಾಡುವ ಕೆಲಸ ಸಂಸತ್ತು 70 ವರ್ಷದಲ್ಲಿ ಮಾಡಲಿಲ್ಲ.

ಹಾಗಂತ ಹಳೇ ಪದ್ಧತಿ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಅದರಲ್ಲಿ ದೊಡ್ಡ ದೋಷ ಇತ್ತು. ಯಾರನ್ನು ನಾಮಿನೇಟ್ ಮಾಡಬೇಕು ಅನ್ನೋದು ಸಮುದಾಯದ ಕೈಯಲ್ಲಿ ಇರಲಿಲ್ಲ, ಆಳುವ ಪಕ್ಷದ ಕೈಯಲ್ಲಿತ್ತು. 2014ರಲ್ಲಿ ಗೆದ್ದ ಪಕ್ಷದ ಕಡೆಯವರೇ ಆ ಲೋಕಸಭೆಯ ಇಬ್ಬರು ನಾಮನಿರ್ದೇಶಿತ ಸದಸ್ಯರು, ಜಾರ್ಜ್ ಬೇಕರ್ ಮತ್ತು ರಿಚರ್ಡ್ ಹೇ. ಅದಕ್ಕೂ ಮುಂಚೆ ಬೇರೆ ಪಕ್ಷಗಳು ಮಾಡಿದ್ದೂ ಅದೇ. ಸಮುದಾಯದ ಸಭೆ ಕರೆದು ನಿಮಗೆ ಯಾರು ಬೇಕು ಅಂತ ಕೇಳಬೇಕು ಅನ್ನೋ ನಿಯಮವೇ ಇರಲಿಲ್ಲ.

ನಮ್ಮ ರಾಜ್ಯದಲ್ಲೇ 2018ರ ಮೇ ತಿಂಗಳಲ್ಲಿ ಏನಾಯಿತು ನೆನಪಿದೆಯಾ? ಚುನಾವಣೆ ನಡೆದಿದ್ದು 222 ಸೀಟಿಗೆ, ಬಿಜೆಪಿಗೆ 104, ಯಾರಿಗೂ ಬಹುಮತ ಇಲ್ಲ. ಮೇ 17ಕ್ಕೆ ಯಡಿಯೂರಪ್ಪ ಪ್ರಮಾಣವಚನ ತಗೊಂಡರು. ಒಂದೊಂದು ಮತಕ್ಕೂ ಎಳೆದಾಟ. ಅಂಥ ಹೊತ್ತಲ್ಲಿ ಆಂಗ್ಲೋ ಇಂಡಿಯನ್ ಸದಸ್ಯರ ನಾಮನಿರ್ದೇಶನದ ಮಾತು ಬಂತು, ಕಾಂಗ್ರೆಸ್ ಮತ್ತು ಜೆಡಿಎಸ್ ಸುಪ್ರೀಂ ಕೋರ್ಟಿಗೆ ಹೋದವು. ವಿಶ್ವಾಸಮತ ಮುಗಿಯುವವರೆಗೆ ಯಾವ ಆಂಗ್ಲೋ ಇಂಡಿಯನ್ ಸದಸ್ಯರನ್ನೂ ನೇಮಿಸಬಾರದು ಅಂತ ಕೋರ್ಟ್ ಮೇ 18ಕ್ಕೆ ಹೇಳಿತು. ಮರುದಿನ ಯಡಿಯೂರಪ್ಪ ಮತ ಕೇಳದೇ ರಾಜೀನಾಮೆ ಕೊಟ್ಟರು. ಆ ಎರಡು ಮೂರು ದಿನ ಟಿವಿಯಲ್ಲಿ ಆಂಗ್ಲೋ ಇಂಡಿಯನ್ ಅನ್ನೋ ಪದ ನೂರಾರು ಸಲ ಕೇಳಿಸಿತು. ಆ ಸಮುದಾಯದ ಮಕ್ಕಳ ಓದು, ಮುದುಕರ ಪಿಂಚಣಿ, ರೈಲ್ವೆ ಕ್ವಾರ್ಟರ್ಸ್ ಬಿಟ್ಟಮೇಲೆ ಮನೆ ಇಲ್ಲದವರ ಕಷ್ಟ, ಇದರ ಬಗ್ಗೆ ಒಂದು ನಿಮಿಷ ಮಾತಾಡಿದ ಚಾನೆಲ್ ನಾನು ನೋಡಲಿಲ್ಲ. ಬರೀ ಒಂದು ಮತ ಅಷ್ಟೇ.

ನಾಮನಿರ್ದೇಶಿತ ಶಾಸಕರಿಗೆ ಮತದ ಹಕ್ಕು ಇತ್ತು ಅನ್ನೋದು ಇದರಿಂದ ಗೊತ್ತಾಗುತ್ತೆ. ರಾಷ್ಟ್ರಪತಿ ಚುನಾವಣೆ, ರಾಜ್ಯಸಭೆ ಚುನಾವಣೆಯಲ್ಲಿ ಮಾತ್ರ ಇರಲಿಲ್ಲ, ಅದು ಚುನಾಯಿತ ಸದಸ್ಯರಿಗೆ ಮಾತ್ರ. ನಮ್ಮ ಮೈಸೂರು ಪಾಲಿಕೆಯ ನಾಮನಿರ್ದೇಶಿತ ಸದಸ್ಯರಿಗೆ ಹೋಲಿಸಿದರೆ ಇದು ದೊಡ್ಡ ಅಧಿಕಾರ. ಪಾಲಿಕೆಯ ಸಭೆಯಲ್ಲಿ ಅಂಥವರು ಮಾತಾಡಬಹುದು, ಮತ ಹಾಕುವಂತಿಲ್ಲ. ನನ್ನನ್ನು ಕೇಳಿದರೆ ಸಣ್ಣ ಸಮುದಾಯದ ಪ್ರತಿನಿಧಿಗೆ ಮೊದಲು ಬೇಕಾದದ್ದು ಮಾತು. ಪ್ರಶ್ನೋತ್ತರದಲ್ಲಿ ಮಂತ್ರಿಯನ್ನು ನಿಲ್ಲಿಸಿ ಕೇಳುವ ಅವಕಾಶ, ಸಮಿತಿಯಲ್ಲಿ ಕೂರುವ ಅವಕಾಶ. ಸರ್ಕಾರ ಉಳಿಸುವ, ಬೀಳಿಸುವ ಮತ ಇಲ್ಲದಿದ್ದರೆ ಪಕ್ಷಗಳಿಗೆ ಆ ಸೀಟಿನ ಮೇಲೆ ಆಸೆಯೂ ಕಡಿಮೆಯಾಗುತ್ತೆ. ಕೆಲವರಿಗೆ ಇದು ಹಿಡಿಸಲ್ಲ, ಮತ ಇಲ್ಲದ ಶಾಸಕ ಎಂಥ ಶಾಸಕ ಅಂತಾರೆ. ನನಗೆ ಮಾತ್ರ ಇದೇ ಸರಿ ಅನಿಸುತ್ತೆ.

ನನಗೆ ಇದರಲ್ಲಿ ಇಷ್ಟು ಆಸಕ್ತಿ ಇರೋದು ಬರೀ ಆಂಗ್ಲೋ ಇಂಡಿಯನ್ನರಿಗಾಗಿ ಅಲ್ಲ. ನಮ್ಮ ಎಚ್.ಡಿ. ಕೋಟೆ, ಹುಣಸೂರು ಕಡೆ ಜೇನುಕುರುಬರ ಹಾಡಿಗಳಿವೆ, ಅಂದರೆ ಬುಡಕಟ್ಟಿನವರ ಸಣ್ಣ ಕೇರಿಗಳು. ನಾಗರಹೊಳೆ ಕಾಡಿನಿಂದ ಹೊರಗೆ ಬಂದು ಪುನರ್ವಸತಿ ಅಂತ ಅಲೆಯುತ್ತಿರುವ ಮನೆಗಳಿವೆ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟು ಅಂತ ಗುರುತಿಸಿರೋದು ಎರಡೇ, ಜೇನುಕುರುಬರು ಮತ್ತು ಕರಾವಳಿಯ ಕೊರಗರು. ಎಚ್.ಡಿ. ಕೋಟೆ ಪರಿಶಿಷ್ಟ ಪಂಗಡಕ್ಕೆ ಮೀಸಲು ನಿಜ. ಆದರೆ ಪಂಗಡದ ಪಟ್ಟಿಯೊಳಗೂ ದೊಡ್ಡ ಸಮುದಾಯ, ಸಣ್ಣ ಸಮುದಾಯ ಇದೆ. ನಾಯಕ ಸಮುದಾಯದ ಸಂಖ್ಯೆ, ಸಂಘಟನೆ ಮುಂದೆ ಹಾಡಿಯ ಜೇನುಕುರುಬ ಟಿಕೆಟ್ ಕೇಳೋಕೆ ಎಲ್ಲಿಗೆ ಹೋಗಬೇಕು? ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಶಾಂತಾರಾಮ ಸಿದ್ದಿ ಅವರನ್ನು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಮಾಡಿದರು, ನನಗೆ ಅವತ್ತು ನಿಜಕ್ಕೂ ಖುಷಿ ಆಯಿತು. ಆದರೆ ಅದು ಆ ಹೊತ್ತಿನ ಸರ್ಕಾರ ಮನಸ್ಸು ಮಾಡಿದ್ದರಿಂದ ಆಗಿದ್ದು. ಸಿದ್ದಿಗಳಿಗೆ ಮುಂದಿನ ಸಲವೂ ಸಿಗುತ್ತೆ ಅನ್ನೋದಕ್ಕೆ ಯಾವ ಕಾನೂನೂ ಇಲ್ಲ. ಕೊರಗರಿಗೆ, ಜೇನುಕುರುಬರಿಗೆ ಅದೂ ಇಲ್ಲ.

ನಮ್ಮ ಸಂವಿಧಾನದಲ್ಲಿ, ಓಟಿನ ಲೆಕ್ಕದಲ್ಲಿ ಎಂದೂ ಗೆಲ್ಲಲಾರದ ಜನರಿಗೂ ಒಂದು ಕುರ್ಚಿ ಇಡಬೇಕು ಅಂತ ಹೆಸರು ಹಿಡಿದು ಬರೆದಿದ್ದು ಆಂಗ್ಲೋ ಇಂಡಿಯನ್ನರ ವಿಧಿಯಲ್ಲಿ. ಅದನ್ನು ಕಿತ್ತು ಹಾಕುವ ಬದಲು ದೊಡ್ಡದು ಮಾಡಬೇಕಿತ್ತು. ಜೇನುಕುರುಬರು, ಕೊರಗರು, ಸಿದ್ದಿಗಳು, ಆಂಗ್ಲೋ ಇಂಡಿಯನ್ನರು, ಇಂಥವರಿಗೆಲ್ಲಾ ಸೇರಿ ವಿಧಾನಸಭೆಯಲ್ಲಿ ಎರಡೋ ಮೂರೋ ಸೀಟು ಸರದಿ ಮೇಲೆ ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ನನ್ನ ಮಳವಳ್ಳಿ ಗೆಳೆಯನಿಗೆ ಇದನ್ನು ಹೇಳಿದೆ. "ಆಂಗ್ಲೋ ಇಂಡಿಯನ್ ವಿಷಯ ನಂಗೆ ಈಗಲೂ ಅಷ್ಟಕ್ಕಷ್ಟೇ ಕಣೋ, ಆದ್ರೆ ಹಾಡಿಯೋರಿಗೆ ಒಂದು ಸೀಟು ಅಂದ್ರೆ ನಾನೇ ನಿನ್ನ ಜೊತೆ ಬರ್ತೀನಿ" ಅಂದ. ಅಷ್ಟಾದರೂ ಒಪ್ಪಿದನಲ್ಲ.

ಬೇರೆ ಕಡೆ ಇಂಥದ್ದು ಇಲ್ಲವೇ ಅಂದರೆ, ಇದೆ. ನ್ಯೂಜಿಲೆಂಡಿನಲ್ಲಿ 1867ರಿಂದ ಮಾವೊರಿಗಳಿಗೆ ಬೇರೆ ಸೀಟು. ಇರಾನಿನ ಸಂಸತ್ತಿನಲ್ಲಿ ಕ್ರೈಸ್ತ, ಯಹೂದಿ, ಪಾರಸಿ ಧರ್ಮದವರಿಗೆ ಸೇರಿ 5 ಸೀಟು. ಅಷ್ಟು ದೂರ ಯಾಕೆ, ಸಿಕ್ಕಿಂ ನೋಡಿ. ಅಲ್ಲಿನ ವಿಧಾನಸಭೆಯಲ್ಲಿ 32 ಸೀಟು. ಅದರಲ್ಲಿ 12 ಭುಟಿಯಾ ಲೆಪ್ಚಾ ಸಮುದಾಯಕ್ಕೆ. ಇನ್ನೊಂದು ಸಂಘ ಅಂತ ಇದೆ, ಬೌದ್ಧ ಮಠಗಳ ಭಿಕ್ಷುಗಳು ಭಿಕ್ಷುಣಿಯರು ಮಾತ್ರ ಮತ ಹಾಕುವ ಸೀಟು. ಅದಕ್ಕೆ ಗಡಿಯೇ ಇಲ್ಲ, ರಾಜ್ಯದ ಯಾವ ಮೂಲೆಯ ಮಠದಲ್ಲಿದ್ದರೂ ಅದೇ ಕ್ಷೇತ್ರ. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಊರಿನ ಗಡಿ ನೋಡದ ಕ್ಷೇತ್ರ ನಮಗೂ ಹೊಸದಲ್ಲ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರದ ಹೈಸ್ಕೂಲು, ಕಾಲೇಜು ಮೇಷ್ಟ್ರುಗಳು ಸೇರಿ ವಿಧಾನ ಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಮತ ಹಾಕುತ್ತಾರೆ, ಪದವೀಧರರಿಗೆ ಇನ್ನೊಂದು ಕ್ಷೇತ್ರ. ಯಾರು ಶಿಕ್ಷಕರು ಅಂತ ಅರ್ಜಿ ತಗೊಂಡು, ದಾಖಲೆ ನೋಡಿ ಪಟ್ಟಿ ಮಾಡುವ ಕೆಲಸ ನಮ್ಮ ತಹಶೀಲ್ದಾರ್ ಕಚೇರಿಗಳಿಗೆ ಚೆನ್ನಾಗಿ ಗೊತ್ತು. ಸಮುದಾಯಕ್ಕೂ ಹಾಗೇ ಮತದಾರರ ಪಟ್ಟಿ ಮಾಡೋಣ ಅಂದರೆ 325ನೇ ವಿಧಿ ಅಡ್ಡ ಬರುತ್ತೆ. ಧರ್ಮ, ಜನಾಂಗ, ಜಾತಿ ಅಂತ ಬೇರೆ ಮತದಾರರ ಪಟ್ಟಿ ಮಾಡುವಂತಿಲ್ಲ. ಸಿಕ್ಕಿಂಗೆ ವಿಶೇಷ ವಿನಾಯಿತಿ ಇದೆ. ಪ್ರತ್ಯೇಕ ಮತಪಟ್ಟಿಯಿಂದ ಬ್ರಿಟಿಷರ ಕಾಲದಲ್ಲಿ ಏನೆಲ್ಲಾ ಆಯಿತು ಅಂತ ಗೊತ್ತಿದ್ದವರು ಬರೆದ ವಿಧಿ ಅದು. ಅದನ್ನು ಮುಟ್ಟಬಾರದು ಅಂತಲೇ ನನ್ನ ಅಭಿಪ್ರಾಯ. ಹಾಗಾಗಿ ನಾಮನಿರ್ದೇಶನವೇ ಇರಲಿ. ಆದರೆ ಸಮುದಾಯದ ಸಂಘಗಳು, ಹಾಡಿಯ ಗ್ರಾಮಸಭೆಗಳು ಹೆಸರು ಕಳಿಸಲಿ, ರಾಜ್ಯಪಾಲರು ಆ ಪಟ್ಟಿಯಿಂದಲೇ ಆರಿಸಲಿ, ಯಾಕೆ ಆರಿಸಿದರು ಅಂತ ಗೆಜೆಟ್ಟಿನಲ್ಲಿ ಬರೆಯಲಿ. ಚುನಾವಣೆ ಮುಗಿದು ಸರ್ಕಾರ ಬಹುಮತ ತೋರಿಸುವ ಮುಂಚೆ ಆರಿಸಬಾರದು ಅಂತಲೂ ಇರಲಿ.

ಇದಕ್ಕೆ ಸಮಯ ಇದೆ. 2027ರ ಜನಗಣತಿ ಬರ್ತಾ ಇದೆ, ಈ ಸಲ ಜಾತಿಯನ್ನೂ ಕೇಳುತ್ತಾರೆ. ಜಾತಿ ಕೇಳುವ ಫಾರಂನಲ್ಲಿ ಆಂಗ್ಲೋ ಇಂಡಿಯನ್ ಅಂತಲೂ ಒಂದು ಪ್ರಶ್ನೆ ಸೇರಿಸೋದು ಕಷ್ಟದ ಕೆಲಸ ಅಲ್ಲ. ಸೇರಿಸಲಿಲ್ಲ ಅಂದರೂ ಮನೆಗೆ ಬಂದವರ ಹತ್ತಿರ ಹೇಳಿ ಬರೆಸಿ ಅಂತ ಮಿಸ್‌ಗೆ ಹೇಳಿದ್ದೇನೆ, ಅವರು ತಮ್ಮವರಿಗೆಲ್ಲಾ ಫೋನ್ ಮಾಡಿ ಹೇಳುತ್ತಿದ್ದಾರೆ. 334ನೇ ವಿಧಿಯ ಈಗಿನ ಅವಧಿ 2030ರ ಜನವರಿಗೆ ಮುಗಿಯುತ್ತೆ. ಪರಿಶಿಷ್ಟ ಜಾತಿ, ಪಂಗಡಗಳ ಮೀಸಲು ಕ್ಷೇತ್ರ ಮುಂದುವರಿಸೋಕೆ ಆಗ ಸಂಸತ್ತು ಮತ್ತೆ ಒಂದು ತಿದ್ದುಪಡಿ ತರಲೇಬೇಕು, ಅದು ಬರಲೇಬೇಕು ಕೂಡ. ಅಷ್ಟರೊಳಗೆ ಮೈಸೂರು, ಮಂಡ್ಯ, ಚಾಮರಾಜನಗರದ ಸಂಸದರಿಗೆ ಒಂದು ಮನವಿ ಕೊಡಬೇಕು ಅಂತ ನಾನು, ನನ್ನ ಗೆಳೆಯ, ಹಾಡಿಗಳಲ್ಲಿ ಕೆಲಸ ಮಾಡುವ ಕೆಲವರು ಮಾತಾಡಿಕೊಂಡಿದ್ದೇವೆ. ಸಣ್ಣ ಸಮುದಾಯಗಳ ನಾಮನಿರ್ದೇಶನವನ್ನು ಬೇರೆ ಮಸೂದೆಯಾಗಿ ತನ್ನಿ, ಅದರ ಮೇಲೆ ಬೇರೆ ಚರ್ಚೆ ಮಾಡಿ, ಬೇರೆ ಮತ ಹಾಕಿ ಅನ್ನೋದು ಅದರ ಮೊದಲ ಸಾಲು. ಕರಡು ಬರೆಯೋಕೆ ಶುರು ಮಾಡಿದ್ದೇವೆ. ಜೊತೆ ಸೇರುವ ಮನಸ್ಸಿದ್ದವರು, ಅದರಲ್ಲೂ ಹುಣಸೂರು, ಕೋಟೆ ಕಡೆಯವರು, ನನಗೆ ತಿಳಿಸಿ.